ಹೊಸ ಗಣಕಯಂತ್ರ ಚಾಲನೆಗೊಳ್ಳದಿದ್ದರೆ: ಗೋಡೆಯಿಂದ ಒಳಕ್ಕೆ ಒಂದು ಕ್ರಮಬದ್ಧ ಪರೀಕ್ಷೆ

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ಚೆನ್ನೈ ನಿವಾಸಿಗಳಿಗೆ ರಿಚ್ಚಿ ಸ್ಟ್ರೀಟ್ ಹಾಗೆ. ಅಣ್ಣಾ ಸಾಲೈಯ ಮಗ್ಗುಲಲ್ಲಿ, ಚಿಂತಾದ್ರಿಪೇಟೆಯ ಸಮೀಪದಲ್ಲಿರುವ ಈ ಬೀದಿಯಲ್ಲೂ ಅದಕ್ಕೆ ಹೊಂದಿಕೊಂಡ ನರಸಿಂಗಪುರಂ ಬೀದಿಯಲ್ಲೂ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಮೊದಲಾದವನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಗಣಕಯಂತ್ರವನ್ನು ಜೋಡಿಸುವ ಪರಿಪಾಠ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಕನ್ನಡ ಕುಟುಂಬಗಳಲ್ಲೂ ಮಕ್ಕಳು ಕಾಲೇಜು ಸೇರುವ ವೇಳೆಗೆ ಈ ಕೆಲಸಕ್ಕೆ ಕೈ ಹಾಕುವುದುಂಟು. ಖರ್ಚು ಹತೋಟಿಯಲ್ಲಿರುತ್ತದೆ, ಬೇಕಾದ ಭಾಗವನ್ನು ಬೇಕಾದಂತೆ ಆರಿಸಿಕೊಳ್ಳಬಹುದು, ಮಕ್ಕಳಿಗೂ ಯಂತ್ರದ ಒಳಗಿನ ಪರಿಚಯವಾಗುತ್ತದೆ.

ಆದರೆ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದಾಗ ಯಂತ್ರ ಮಿಸುಕದೇ ಹೋದರೆ ಮನೆಮಂದಿಯ ಎದೆ ಧಸಕ್ಕೆನ್ನುವುದು ಸಹಜ. ಐವತ್ತು ಸಾವಿರವೋ ಲಕ್ಷವೋ ಸುರಿದ ವಸ್ತು ಮೌನವಾಗಿ ಕುಳಿತಿರುತ್ತದೆ. ಆಗ ಸಾಮಾನ್ಯವಾಗಿ ನಡೆಯುವುದು ಊಹೆಯ ಮೇಲಿನ ಓಡಾಟ. ಒಬ್ಬರು ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಪ್ರೊಸೆಸರ್ ಸುಟ್ಟಿದೆ ಎನ್ನುತ್ತಾರೆ. ಒಂದೇ ಬಾರಿಗೆ ನಾಲ್ಕು ಭಾಗಗಳನ್ನು ಕಿತ್ತು ಮರುಜೋಡಿಸುವ ಭರದಲ್ಲಿ, ಸರಿಯಾಗಿದ್ದ ಭಾಗವೂ ಕೆಡುವ ಸಂಭವವಿದೆ.

ಈ ಲೇಖನದಲ್ಲಿ ನಾವು ಹೇಳಬಯಸುವುದು ಇಷ್ಟೇ. ಹೊಸದಾಗಿ ಜೋಡಿಸಿದ ಗಣಕ ಚಾಲನೆಗೊಳ್ಳದಿದ್ದರೆ ಭಾಗವೊಂದು ಸತ್ತಿದೆ ಎಂದು ತೀರ್ಮಾನಿಸುವ ಮುನ್ನ ಜೋಡಣೆ ಎಲ್ಲಿ ಅಪೂರ್ಣವಾಗಿದೆ ಎಂದು ನೋಡಬೇಕು. ವಿದ್ಯುತ್ತು ಗೋಡೆಯಿಂದ ಹೊರಟು ಪ್ರೊಸೆಸರನ್ನು ತಲುಪುವ ದಾರಿಯಲ್ಲೇ ನಾವೂ ನಡೆಯಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ಮತ್ತು ಮನೆಯವರ ಕೈ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ತಿಳಿದಿರಬೇಕು.

ಮೌನದಲ್ಲಿ ಮೂರು ಬಗೆ

"ಆನ್ ಆಗುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಇವುಗಳಲ್ಲಿ ನಮ್ಮದು ಯಾವುದು ಎಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಗುಂಡಿ ಒತ್ತಿದರೆ ಯಾವ ಚಲನೆಯೂ ಇಲ್ಲ. ಫ್ಯಾನ್ ತಿರುಗುವುದಿಲ್ಲ, ದೀಪ ಹೊತ್ತುವುದಿಲ್ಲ. ಇಲ್ಲಿ ಮೊದಲ ಅನುಮಾನ ವಿದ್ಯುತ್ ಪೂರೈಕೆ, ತಂತಿಗಳು ಹಾಗೂ ಸ್ವಿಚ್ಚಿನ ಮೇಲೆ.

2. ಒಂದು ಕ್ಷಣ ಫ್ಯಾನ್ ತಿರುಗಿ ನಿಲ್ಲುತ್ತದೆ, ಅಥವಾ ಮತ್ತೆ ಮತ್ತೆ ಹೊತ್ತಿ ಆರುತ್ತದೆ. ಇಲ್ಲಿ ಎಲ್ಲೋ ಶಾರ್ಟ್ ಆಗಿರುವ, ಪ್ರೊಸೆಸರಿನ ವಿದ್ಯುತ್ ತಂತಿ ಬಿಟ್ಟುಹೋಗಿರುವ ಅಥವಾ ರ‍್ಯಾಮ್ ಸರಿಯಾಗಿ ಕೂರದಿರುವ ಸಾಧ್ಯತೆ ಹೆಚ್ಚು.

3. ಫ್ಯಾನ್‌ಗಳೆಲ್ಲ ತಿರುಗುತ್ತವೆ, ದೀಪಗಳು ಉರಿಯುತ್ತವೆ, ಆದರೆ ಪರದೆ ಕಪ್ಪಾಗಿಯೇ ಇರುತ್ತದೆ. ಇಲ್ಲಿ ವಿದ್ಯುತ್ತು ಬಂದಿದೆ. ತೊಂದರೆ ಇರುವುದು ಮಾನಿಟರಿನ ತಂತಿಯಲ್ಲಿ, ರ‍್ಯಾಮ್‌ನಲ್ಲಿ, ಗ್ರಾಫಿಕ್ಸ್ ಕಾರ್ಡಿನಲ್ಲಿ ಅಥವಾ ಬಯೋಸ್‌ನಲ್ಲಿ.

ಒಂದು ಹಾಳೆಯಲ್ಲಿ ಈ ಸ್ಥಿತಿಯನ್ನು ಬರೆದಿಟ್ಟುಕೊಂಡು, ಅದರ ಕೆಳಗೆ ಒಂದೊಂದು ಪರೀಕ್ಷೆಯ ಫಲವನ್ನೂ ಗುರುತಿಸುತ್ತಾ ಹೋಗಿರಿ. ಅಂಗಡಿಗೆ ಹೋಗಬೇಕಾಗಿ ಬಂದರೆ ಈ ಹಾಳೆಯೇ ನಿಮ್ಮ ಸಾಕ್ಷಿ.

ಮೊದಲು ಸುರಕ್ಷತೆ

ಕ್ಯಾಬಿನೆಟ್ಟಿನ ಒಳಗೆ ಕೈಯಿಡುವ ಮುನ್ನ ಪ್ರತಿ ಬಾರಿಯೂ ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಅನಂತರ ಕ್ಯಾಬಿನೆಟ್ಟಿನ ಗುಂಡಿಯನ್ನು ಹತ್ತು ಸೆಕೆಂಡುಗಳ ಕಾಲ ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ತು ಬಹುಪಾಲು ಇದರಿಂದ ಹರಿದುಹೋಗುತ್ತದೆ. ಬರಿಗಾಲಿನಲ್ಲಿ, ಆಗತಾನೆ ಒರೆಸಿದ ಒದ್ದೆ ನೆಲದ ಮೇಲೆ ನಿಂತು ಈ ಕೆಲಸ ಮಾಡಬಾರದು. ಭಾಗಗಳನ್ನು ಮುಟ್ಟುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಭಾಗವನ್ನೊಮ್ಮೆ ಮುಟ್ಟಿದರೆ ಮೈಮೇಲಿನ ಸ್ಥಿರವಿದ್ಯುತ್ತು ಇಳಿಯುತ್ತದೆ. ಚೆನ್ನೈಯ ತೇವಭರಿತ ಹವೆಯಲ್ಲಿ ಸ್ಥಿರವಿದ್ಯುತ್ತು ಕಡಿಮೆಯೇ; ಆದರೆ ಏಸಿ ಓಡುತ್ತಿರುವ ಕೋಣೆಯ ಗಾಳಿ ಒಣಗಿರುತ್ತದೆಂಬುದು ನೆನಪಿರಲಿ.

ಎಸ್‌ಎಂಪಿಎಸ್ ಎಂದು ನಾವೆಲ್ಲ ಕರೆಯುವ ವಿದ್ಯುತ್ ಪೆಟ್ಟಿಗೆಯ ಮುಚ್ಚಳವನ್ನು ಮನೆಯಲ್ಲಿ ಯಾರೂ ಯಾವ ಕಾರಣಕ್ಕೂ ತೆರೆಯಬಾರದು. ಗೋಡೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಶಿಖರಮೌಲ್ಯವೇ ಸುಮಾರು 325 ವೋಲ್ಟ್. ಇಂದಿನ ಬಹುಪಾಲು ಪೆಟ್ಟಿಗೆಗಳ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 380ರಿಂದ 400 ವೋಲ್ಟ್‌ವರೆಗೂ ನೇರ ವಿದ್ಯುತ್ತು ಸಂಗ್ರಹವಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿದಿರಬಹುದು. ನಾವು ಮೊದಲೇ ಹೇಳಿದ "ಕೈ ನಿಲ್ಲಬೇಕಾದ ಗಡಿ" ಇದೇ.

ಗೋಡೆಯಲ್ಲಿರುವುದನ್ನು ಮೊದಲು ನೋಡಿ

ಯಂತ್ರವನ್ನು ದೂಷಿಸುವ ಮುನ್ನ ಅದೇ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪನ್ನೋ ಫ್ಯಾನನ್ನೋ ಸಿಕ್ಕಿಸಿ ನೋಡಿರಿ. ಮೊಬೈಲ್ ಚಾರ್ಜರ್ ಸಾಲದು. ಅದು ಬಳಸುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಸಡಿಲವಾದ ಸಾಕೆಟ್ಟಿನಲ್ಲೂ ಕೆಲಸ ಮಾಡಿಬಿಡುತ್ತದೆ.

ಅನಂತರ ಪ್ಲಗ್ಗು. ಕೆಲವು ಎಸ್‌ಎಂಪಿಎಸ್‌ಗಳೊಂದಿಗೆ ದಪ್ಪ ಕಾಲುಗಳ 16 ಆಂಪಿಯರ್ ಪ್ಲಗ್ ಬರುತ್ತದೆ. ಓದುವ ಕೋಣೆಯಲ್ಲಿ 6 ಆಂಪಿಯರ್ ಸಾಕೆಟ್ ಮಾತ್ರ ಇದ್ದರೆ ನಡುವೆ ಒಂದು ಅಡಾಪ್ಟರ್ ಸೇರಿಕೊಳ್ಳುತ್ತದೆ. ಅದರ ಜತೆಗೆ ಸ್ಪೈಕ್ ಬಸ್ಟರ್, ಅದರ ಹಿಂದೆ ಯುಪಿಎಸ್. ಹೀಗೆ ಮೂರು ನಾಲ್ಕು ಕಡೆ ಸಂಪರ್ಕ ಸಡಿಲಾಗುವ ಅವಕಾಶವಿರುತ್ತದೆ. ಪರೀಕ್ಷೆಯ ಸಲುವಾಗಿ ಇವೆಲ್ಲವನ್ನೂ ಬದಿಗಿಟ್ಟು, ಸರಿಯಾದ ಅಳತೆಯ ಗೋಡೆಯ ಸಾಕೆಟ್ಟಿಗೇ ನೇರವಾಗಿ ಜೋಡಿಸಿ ನೋಡುವುದು ಉತ್ತಮ. ತಂತಿಯ ಇನ್ನೊಂದು ತುದಿ ಎಸ್‌ಎಂಪಿಎಸ್‌ನೊಳಗೆ ಪೂರ್ತಿ ಹೋಗಿದೆಯೇ ಎಂಬುದನ್ನೂ ಒತ್ತಿ ನೋಡಿರಿ.

ಎಸ್‌ಎಂಪಿಎಸ್‌ನ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ಚಿರುತ್ತದೆ. ಗೆರೆಯ ಗುರುತಿನ ಬದಿ ಒತ್ತಿದ್ದರೆ ಚಾಲನೆ, ಸೊನ್ನೆಯ ಗುರುತಿನ ಬದಿ ಒತ್ತಿದ್ದರೆ ನಿಲುಗಡೆ. ಹೊಸ ಯಂತ್ರ ಚಾಲನೆಗೊಳ್ಳದಿರಲು ಈ ಸ್ವಿಚ್ಚು ಸೊನ್ನೆಯ ಕಡೆ ಇರುವುದೇ ಕಾರಣವಾಗಿರುವುದು ಅಪರೂಪವೇನಲ್ಲ. ಹಳೆಯ ಅಥವಾ ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಜಾರುಗುಂಡಿಯೂ ಇರುತ್ತದೆ. ಭಾರತದಲ್ಲಿ ಅದು 230ರಲ್ಲೇ ಇರಬೇಕು. 115ರಲ್ಲಿಟ್ಟು ನಮ್ಮ ಗೋಡೆಗೆ ಜೋಡಿಸಿದರೆ ಪೆಟ್ಟಿಗೆ ಢಮ್ಮೆಂದು ಸುಟ್ಟುಹೋಗುತ್ತದೆ. ವಿದೇಶದಲ್ಲಿರುವ ಮಕ್ಕಳು ಕಳುಹಿಸಿದ ಭಾಗಗಳನ್ನು ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂದಿನ ಉತ್ತಮ ಪೆಟ್ಟಿಗೆಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಾವಾಗಿಯೇ ಹೊಂದಿಕೊಳ್ಳುವುದರಿಂದ, ಕೇವಲ ಲೋ ವೋಲ್ಟೇಜ್ ಕಾರಣದಿಂದ ಯಂತ್ರ ಚಾಲನೆಗೊಳ್ಳದಿರುವುದು ಕಡಿಮೆ.

2012ರ ಸುಮಾರಿನಲ್ಲಿ ಚೆನ್ನೈಯಲ್ಲಿ ದಿನಕ್ಕೆ ಎರಡು ಗಂಟೆಗಳ ನಿಗದಿತ ವಿದ್ಯುತ್ ಕಡಿತವಿದ್ದುದು ಹಲವರಿಗೆ ನೆನಪಿರಬಹುದು. ಆ ದಿನಗಳಲ್ಲಿ ಅಳವಡಿಸಿದ ಇನ್ವರ್ಟರ್ ಹಾಗೂ ಸಣ್ಣ ಯುಪಿಎಸ್‌ಗಳು ಕೆಲವು ಮನೆಗಳಲ್ಲಿ ಇನ್ನೂ ಇವೆ. ಸಾಮಾನ್ಯ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಕೊಡಬಲ್ಲದು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಗಣಕದ ಭಾರ ಅದನ್ನು ಮೀರಿದರೆ ಯುಪಿಎಸ್ ಕೂಗಿಕೊಂಡು ಕೈಬಿಡುತ್ತದೆ. ಆಗ ತಪ್ಪು ಗಣಕದ್ದಲ್ಲ.

ಅರ್ತಿಂಗ್: ಕಡೆಗಣಿಸಬಾರದ ಮೂರನೆಯ ಕಾಲು

ಪ್ಲಗ್ಗಿನ ಮೇಲಿನ ಉದ್ದನೆಯ ದಪ್ಪ ಕಾಲು ಭೂಸಂಪರ್ಕಕ್ಕಾಗಿ ಇದೆ. ಅದು ಕೆಲಸ ಮಾಡದಿದ್ದರೂ ಗಣಕ ಚಾಲನೆಗೊಳ್ಳುತ್ತದೆ. ಆದ್ದರಿಂದಲೇ ಜನ ಅದನ್ನು ಮರೆಯುತ್ತಾರೆ. ಆದರೆ ಕ್ಯಾಬಿನೆಟ್ಟನ್ನು ಬೆರಳ ಹಿಂಬದಿಯಿಂದ ಸವರಿದಾಗ ಜುಮ್ಮೆಂದರೆ, ಅಥವಾ ಟೆಸ್ಟರ್ ಇಟ್ಟಾಗ ದೀಪ ಮಿನುಗಿದರೆ, ಸಾಕೆಟ್ಟಿಗೆ ಅರ್ತಿಂಗ್ ಇಲ್ಲವೆಂದೇ ಹೆಚ್ಚಿನ ಮಟ್ಟಿಗೆ ಅರ್ಥ. ಎಸ್‌ಎಂಪಿಎಸ್‌ನ ಒಳಗಿರುವ ಶೋಧಕ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಜೋಡಣೆಯಾಗಿರುತ್ತವೆ. ಭೂಮಿಗೆ ದಾರಿ ಇಲ್ಲದಿದ್ದಾಗ ಕ್ಯಾಬಿನೆಟ್ಟು ಇವೆರಡರ ನಡುವಿನ ಮಟ್ಟಕ್ಕೆ, ಅಂದರೆ ಸುಮಾರು 115 ವೋಲ್ಟ್‌ಗೆ ಏರುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಅದು ಸಾಮಾನ್ಯವಾಗಿ ಜುಮ್ಮೆನ್ನುವುದಷ್ಟೇ. ಆದರೆ ಒಳಗೆ ನಿಜವಾದ ದೋಷ ಉಂಟಾದ ದಿನ ನಿಮ್ಮನ್ನು ರಕ್ಷಿಸಲು ಏನೂ ಇರುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರಿನಿಂದ ಅಳೆದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಇದೆಯೋ ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಇರಬೇಕು. ಹಳೆಯ ಫ್ಲ್ಯಾಟುಗಳಲ್ಲಿ ಈ ಪರೀಕ್ಷೆ ಅಗತ್ಯ. 2015ರ ಡಿಸೆಂಬರಿನ ಪ್ರವಾಹದಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯಲ್ಲೂ ವೇಳಚ್ಚೇರಿ, ಪಳ್ಳಿಕರಣೈ ಮೊದಲಾದ ತಗ್ಗು ಪ್ರದೇಶಗಳ ನೆಲಮಹಡಿಗಳಿಗೆ ನೀರು ನುಗ್ಗಿತ್ತು. ಅಂಥ ಮನೆಗಳಲ್ಲಿ ಗೋಡೆಯ ಕೆಳಭಾಗದ ಸಾಕೆಟ್ಟುಗಳನ್ನು ಬದಲಿಸದೆ ಉಳಿಸಿಕೊಂಡಿದ್ದರೆ ಒಳಗಿನ ಹಿತ್ತಾಳೆಯ ತುಂಡುಗಳು ಕಿಲುಬು ಹಿಡಿದಿರಬಹುದು. ಗಣಕ ಹೊಸದಾದರೂ ಸಾಕೆಟ್ಟು ಹಳೆಯದೆಂಬುದನ್ನು ಮರೆಯಬಾರದು.

ಗಣಕವನ್ನು ಸಿಕ್ಕಿಸಿದೊಡನೆ ಮನೆಯ ಆರ್‌ಸಿಸಿಬಿ ಬಿದ್ದರೆ ಬಲವಂತವಾಗಿ ಮತ್ತೆ ಮತ್ತೆ ಮೇಲೆತ್ತಬೇಡಿರಿ. ಬೇರೆ ಸಾಕೆಟ್ಟಿನಲ್ಲೂ ಹೀಗೇ ಆದರೆ ಎಸ್‌ಎಂಪಿಎಸ್ ಅನ್ನು ಅಂಗಡಿಗೆ ಒಯ್ಯಿರಿ. ಮನೆಯೊಳಗಿನ ವೈರಿಂಗ್ ನಮ್ಮ ಜವಾಬ್ದಾರಿ. ಮೀಟರಿನವರೆಗಿನ ಪೂರೈಕೆ ನಾವು ಇಂದಿಗೂ ಇ.ಬಿ. ಎಂದೇ ಕರೆಯುವ ವಿದ್ಯುತ್ ನಿಗಮದ್ದು. ಪೂರೈಕೆಯ ದೂರುಗಳಿಗಾಗಿ ತಮಿಳುನಾಡು ಸರ್ಕಾರ 2021ರಲ್ಲಿ "ಮಿನ್ನಗಂ" ಎಂಬ ಗ್ರಾಹಕ ಸೇವಾ ಕೇಂದ್ರವನ್ನು ಆರಂಭಿಸಿತು.

ಗುಂಡಿ ಒತ್ತಿದಾಗ ನಡೆಯುವುದೇನು?

ಮುಂದಿನ ಪರೀಕ್ಷೆಗಳು ಅರ್ಥವಾಗಲು ಇದನ್ನು ತಿಳಿಯುವುದು ಒಳಿತು. ಇಂಟೆಲ್ ಸಂಸ್ಥೆ 1995ರಲ್ಲಿ ರೂಪಿಸಿದ ಎಟಿಎಕ್ಸ್ ಎಂಬ ಮಾದರಿಯನ್ನೇ ಇಂದಿನ ಡೆಸ್ಕ್‌ಟಾಪ್ ಗಣಕಗಳು ಬಹುಮಟ್ಟಿಗೆ ಅನುಸರಿಸುತ್ತವೆ. ಈ ಏರ್ಪಾಡಿನಲ್ಲಿ ಕ್ಯಾಬಿನೆಟ್ಟಿನ ಗುಂಡಿಗೂ 230 ವೋಲ್ಟಿಗೂ ಸಂಬಂಧವೇ ಇಲ್ಲ. ಎಸ್‌ಎಂಪಿಎಸ್‌ಗೆ ವಿದ್ಯುತ್ತು ಸಿಕ್ಕೊಡನೆ ಅದು 5 ವೋಲ್ಟಿನ ಒಂದು ಸಣ್ಣ ಪೂರೈಕೆಯನ್ನು ಸದಾ ಕಾಯ್ದಿರಿಸುತ್ತದೆ. ಗುಂಡಿ ಒತ್ತಿದಾಗ ಮದರ್‌ಬೋರ್ಡಿಗೆ ಒಂದು ಸೂಚನೆ ಹೋಗುತ್ತದೆ. ಮದರ್‌ಬೋರ್ಡು 24 ಪಿನ್ನುಗಳ ದೊಡ್ಡ ಕನೆಕ್ಟರಿನ 16ನೆಯ ಪಿನ್ನಿನ ಮೂಲಕ ಎಸ್‌ಎಂಪಿಎಸ್‌ಗೆ "ಏಳು" ಎನ್ನುತ್ತದೆ. ಎಸ್‌ಎಂಪಿಎಸ್ ಎದ್ದು 12, 5 ಹಾಗೂ 3.3 ವೋಲ್ಟ್‌ಗಳನ್ನು ಸ್ಥಿರಗೊಳಿಸಿ, ಅರ್ಧ ಸೆಕೆಂಡಿನೊಳಗೆ "ಎಲ್ಲ ಸರಿಯಿದೆ" ಎಂಬ ಮರುಸೂಚನೆ ಕೊಡುತ್ತದೆ. ಅದು ಬಂದ ಮೇಲೆಯೇ ಪ್ರೊಸೆಸರ್ ಕೆಲಸ ಆರಂಭಿಸುವುದು.

ಆದ್ದರಿಂದ ಎಲ್ಲೋ ಒಂದು ಕೊಂಡಿ ಕಳಚಿದ್ದರೂ ಫಲ ಒಂದೇ: ಮೌನ. ಅನೇಕ ಮದರ್‌ಬೋರ್ಡುಗಳಲ್ಲಿ ಪ್ಲಗ್ ಹಾಕಿದೊಡನೆ ಉರಿಯುವ ಸಣ್ಣ ದೀಪವೊಂದಿರುತ್ತದೆ. ಅದು ಉರಿಯುತ್ತಿದ್ದರೆ ಗೋಡೆ, ತಂತಿ, ಎಸ್‌ಎಂಪಿಎಸ್‌ನ ಕಾಯ್ದಿರಿಸಿದ ಪೂರೈಕೆ ಇವು ಮೂರೂ ಸರಿಯಿವೆ ಎಂದಾಯಿತು.

ಮೊದಲ ಸ್ಥಿತಿ: ಯಾವ ಚಲನೆಯೂ ಇಲ್ಲ

24 ಪಿನ್ನಿನ ಕನೆಕ್ಟರು "ಟಕ್" ಎಂದು ಕೊಕ್ಕೆ ಕಚ್ಚುವವರೆಗೆ ಒಳಗೆ ಹೋಗಬೇಕು. ಹೊಸ ಬೋರ್ಡುಗಳಲ್ಲಿ ಇದು ಬಹಳ ಬಿಗಿ. ಬೋರ್ಡು ಬಾಗೀತೆಂಬ ಭಯದಿಂದ ಅರ್ಧಕ್ಕೇ ಬಿಡುವವರು ಹೆಚ್ಚು. ಬೋರ್ಡಿನ ಅಂಚಿಗೆ ಕೆಳಗಿನಿಂದ ಬೆರಳ ಆಸರೆ ಕೊಟ್ಟು ನೇರವಾಗಿ ಒತ್ತಿರಿ.

ಮುಂದಿನದು ಸ್ವಿಚ್ಚಿನ ತಂತಿ. ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ಸಣ್ಣ ಎರಡು ರಂಧ್ರಗಳ ತುಂಡು ಮದರ್‌ಬೋರ್ಡಿನ ಕೆಳ ಅಂಚಿನ ಪಿನ್ನುಗಳಲ್ಲಿ ಸರಿಯಾದ ಜೋಡಿಯ ಮೇಲೆಯೇ ಕೂರಬೇಕು. ಪವರ್, ರೀಸೆಟ್, ಎರಡು ದೀಪಗಳು ಎಲ್ಲ ಒಂದೇ ಗುಂಪಿನಲ್ಲಿರುವುದರಿಂದ ಇಲ್ಲಿ ಸ್ಥಾನಪಲ್ಲಟ ಸುಲಭ. ಕೈಪಿಡಿಯ ಚಿತ್ರವನ್ನು ನೋಡದೆ ಇದನ್ನು ಮಾಡಬಾರದು. ಸ್ವಿಚ್ಚಿಗೆ ಧನ ಋಣಗಳ ಭೇದವಿಲ್ಲ. ದೀಪಗಳಿಗೆ ಮಾತ್ರ ಇದೆ.

ಗುಂಡಿಯೇ ಕೆಟ್ಟಿದೆಯೇ ಎಂದು ತಿಳಿಯಲು, ಆ ತುಂಡನ್ನು ತೆಗೆದು ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಬಹುದು. ಇಲ್ಲಿರುವುದು ಅಲ್ಪ ವೋಲ್ಟ್ ಆದ್ದರಿಂದ ಕೈಗೆ ಅಪಾಯವಿಲ್ಲ. ಆದರೆ ಬೇರೆ ಪಿನ್ನುಗಳಿಗೆ ತಗಲದಂತೆ ಎಚ್ಚರ ಬೇಕು. ಯಂತ್ರ ಎದ್ದರೆ ದೋಷ ಗುಂಡಿಯದು ಅಥವಾ ಅದರ ತಂತಿಯದು. ಕ್ಯಾಬಿನೆಟ್ ಬದಲಾಗುವವರೆಗೆ ರೀಸೆಟ್ ಗುಂಡಿಯ ತಂತಿಯನ್ನೇ ಪವರ್ ಪಿನ್ನುಗಳಿಗೆ ಹಾಕಿಕೊಂಡು ನಿಭಾಯಿಸಬಹುದು.

ಇಷ್ಟಾದರೂ ಚಲನೆಯಿಲ್ಲದಿದ್ದರೆ ಎಸ್‌ಎಂಪಿಎಸ್ ಅನ್ನು ಪ್ರತ್ಯೇಕವಾಗಿ ಪರೀಕ್ಷಿಸಬಹುದು. ಪ್ಲಗ್ ಕಿತ್ತು, ಎಲ್ಲ ಭಾಗಗಳಿಂದಲೂ ಅದರ ತಂತಿಗಳನ್ನು ಬಿಡಿಸಿ, 24 ಪಿನ್ನಿನ ಕನೆಕ್ಟರಿನ 16ನೆಯ ಪಿನ್ನನ್ನು (ಹಳೆಯ ಬಣ್ಣದ ತಂತಿಗಳಲ್ಲಿ ಇದು ಹಸಿರು) ಪಕ್ಕದ ಕಪ್ಪು ತಂತಿಯ ಪಿನ್ನಿಗೆ ಒಂದು ಸಣ್ಣ ತಂತಿಯಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಿದರೆ ಪೆಟ್ಟಿಗೆಯ ಫ್ಯಾನ್ ತಿರುಗಬೇಕು. ಎರಡು ಎಚ್ಚರಿಕೆಗಳಿವೆ. ಭಾರ ಕಡಿಮೆಯಿದ್ದಾಗ ಫ್ಯಾನನ್ನೇ ತಿರುಗಿಸದ ಮಾದರಿಗಳಿವೆ. ಅಂಥವುಗಳಿಗೆ ಕ್ಯಾಬಿನೆಟ್ಟಿನ ಒಂದು ಫ್ಯಾನನ್ನು ಜೋಡಿಸಿ ನೋಡಬೇಕು. ಹಾಗೆಯೇ ಫ್ಯಾನ್ ತಿರುಗಿದ ಮಾತ್ರಕ್ಕೆ ಪೆಟ್ಟಿಗೆ ಪೂರ್ಣ ಭಾರ ಹೊರಬಲ್ಲದೆಂದು ಅರ್ಥವಲ್ಲ. ಪಿನ್ನುಗಳನ್ನು ಗುರುತಿಸಲು ಅನುಮಾನವಿರುವವರು ಈ ಪರೀಕ್ಷೆಯನ್ನು ಅಂಗಡಿಯವರಿಗೇ ಬಿಡುವುದು ಮೇಲು.

ಎರಡನೆಯ ಸ್ಥಿತಿ: ಹೊತ್ತಿ ಆರುವುದು

ಎಸ್‌ಎಂಪಿಎಸ್‌ಗೆ ಎಲ್ಲೋ ಶಾರ್ಟ್ ಆಗಿದೆಯೆಂದು ತಿಳಿದರೆ ಅದು ತನ್ನನ್ನೂ ನಿಮ್ಮ ಭಾಗಗಳನ್ನೂ ಉಳಿಸಲು ತಕ್ಷಣ ನಿಲ್ಲುತ್ತದೆ. ಹಾಗೆ ನಿಂತರೆ ಗುಂಡಿಯನ್ನು ಹತ್ತಾರು ಬಾರಿ ಒತ್ತುತ್ತಾ ಕೂರಬಾರದು. ನೋಡಬೇಕಾದವು ಇವು:

1. ಪ್ರೊಸೆಸರಿನ ವಿದ್ಯುತ್ ತಂತಿ. ಬೋರ್ಡಿನ ಮೇಲ್ಭಾಗದ ಎಡಮೂಲೆಯಲ್ಲಿ 4 ಅಥವಾ 8 ಪಿನ್ನುಗಳ ಪ್ರತ್ಯೇಕ ಕನೆಕ್ಟರಿರುತ್ತದೆ. ದೊಡ್ಡದನ್ನು ಹಾಕಿ ಇದನ್ನು ಮರೆಯುವುದು ಅತಿ ಸಾಮಾನ್ಯ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನ ತಂತಿ ನೋಡಲು ಇದರಂತೆಯೇ ಇದ್ದರೂ ಒಳಗಿನ ಜೋಡಣೆ ಬೇರೆ, ಬಲವಂತವಾಗಿ ತುರುಕಬಾರದು.

2. ಹಳೆಯ ತಂತಿಗಳು. ತಂತಿಗಳನ್ನು ಬಿಡಿಸಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಪೆಟ್ಟಿಗೆಯ ಕಡೆಯ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಹಳೆಯ ಪೆಟ್ಟಿಗೆಯ ತಂತಿ ಹೊಸದಕ್ಕೆ ಕೂತರೂ 12 ವೋಲ್ಟ್ ಇರಬಾರದ ಕಡೆಗೆ ಹರಿದು ಹಾರ್ಡ್ ಡಿಸ್ಕನ್ನು ಸುಡಬಹುದು. ಮನೆಯ ಹಳೆಯ ಚಿತ್ರಗಳೆಲ್ಲ ಇರುವ ಡಿಸ್ಕನ್ನು ಹೊಸ ಯಂತ್ರಕ್ಕೆ ವರ್ಗಾಯಿಸುವವರು ಇದನ್ನು ಎರಡು ಬಾರಿ ಓದಿಕೊಳ್ಳಲಿ.

3. ಬೋರ್ಡಿನ ಅಡಿಯ ಕಂಬಗಳು. ಮದರ್‌ಬೋರ್ಡು ಕ್ಯಾಬಿನೆಟ್ಟಿನ ತಗಡಿಗೆ ತಗಲದಂತೆ ಎತ್ತಿ ಹಿಡಿಯುವ, ಸ್ಟ್ಯಾಂಡಾಫ್ ಎಂಬ ಸಣ್ಣ ಹಿತ್ತಾಳೆ ಕಂಬಗಳಿರುತ್ತವೆ. ಬೋರ್ಡಿನ ರಂಧ್ರವಿಲ್ಲದ ಕಡೆ ಒಂದು ಕಂಬ ಉಳಿದಿದ್ದರೂ, ಅಥವಾ ಜಾರಿದ ಸ್ಕ್ರೂ ಒಂದು ಬೋರ್ಡಿನ ಹಿಂದೆ ಸಿಕ್ಕಿಕೊಂಡಿದ್ದರೂ ಶಾರ್ಟ್ ಆಗುತ್ತದೆ. ಜೋಡಣೆಯ ಬಳಿಕ ಸ್ಕ್ರೂಗಳನ್ನು ಎಣಿಸಿಡುವ ಅಭ್ಯಾಸ ಒಳ್ಳೆಯದು.

4. ಪ್ರೊಸೆಸರಿನ ಕೂಲರ್. ಅದರ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸಿದ್ದರೆ ಯಂತ್ರ ಸ್ವಲ್ಪ ಹೊತ್ತು ಓಡಿ ಶಾಖದಿಂದ ನಿಲ್ಲಬಹುದು.

ಮೂರನೆಯ ಸ್ಥಿತಿ: ಫ್ಯಾನ್ ಓಡಿದರೂ ಪರದೆ ಕಪ್ಪು

ಮೊದಲು ಮಾನಿಟರಿನ ತಂತಿ ಎಲ್ಲಿದೆ ನೋಡಿರಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ತಂತಿ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿಗಲ್ಲ. ಕಾರ್ಡ್ ಇಲ್ಲದಿದ್ದರೆ ನಿಮ್ಮ ಪ್ರೊಸೆಸರಿನಲ್ಲಿ ಚಿತ್ರ ತೋರಿಸುವ ಭಾಗ ಇದೆಯೇ ಎಂಬುದು ಪ್ರಶ್ನೆ. ಹೆಸರಿನ ಕೊನೆಯಲ್ಲಿ "ಎಫ್" ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಅದು ಇರುವುದಿಲ್ಲ; ಬೆಲೆ ಸ್ವಲ್ಪ ಕಡಿಮೆಯೆಂದು ಕೊಂಡವರು ಕಾರ್ಡಿಲ್ಲದೆ ಪರದೆಯಲ್ಲಿ ಏನನ್ನೂ ಕಾಣಲಾರರು. ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ. ಆಯ್ಕೆ ಪೂರ್ಣವಾಗಿಲ್ಲ ಅಷ್ಟೆ. ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ತಂತಿ ಬೇಕಿದ್ದರೆ ಅದೂ ಪೂರ್ತಿ ಕೂತಿದೆಯೇ ನೋಡಿರಿ.

ಎರಡನೆಯದು ತಾಳ್ಮೆ. ಡಿಡಿಆರ್5 ರ‍್ಯಾಮ್ ಬಳಸುವ ಹೊಸ ಬೋರ್ಡುಗಳು, ವಿಶೇಷವಾಗಿ 2022ರಲ್ಲಿ ಬಂದ ಎಎಂಡಿಯ ಎಎಂ5 ಮಾದರಿಯವು, ಮೊದಲ ಚಾಲನೆಯಲ್ಲಿ ರ‍್ಯಾಮಿಗೆ ಹೊಂದಿಕೊಳ್ಳಲು ಹಲವು ನಿಮಿಷಗಳನ್ನು ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿರುತ್ತದೆ. ಮಧ್ಯದಲ್ಲಿ ಆರಿಸಿದರೆ ಮತ್ತೆ ಮೊದಲಿನಿಂದ ಆರಂಭ. ಹದಿನೈದು ನಿಮಿಷ ಸುಮ್ಮನೆ ಬಿಟ್ಟು ನೋಡಿರಿ.

ಆಮೇಲೆ ರ‍್ಯಾಮ್. ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದು, ಕೈಪಿಡಿ ಹೇಳಿದ ಸ್ಥಾನದಲ್ಲಿ (ನಾಲ್ಕು ಸ್ಥಾನಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು) ಒಂದನ್ನೇ ಕೂರಿಸಿ, ಎರಡೂ ತುದಿ ಒಳಗಿಳಿದು ಕೊಕ್ಕೆ ಮುಚ್ಚುವಂತೆ ಒತ್ತಿರಿ. ಬಾರದಿದ್ದರೆ ಇನ್ನೊಂದು ಪಟ್ಟಿಯಿಂದ ಅದೇ ಪರೀಕ್ಷೆ. ಇಂದಿನ ಅನೇಕ ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕು ಸೂಚಕ ದೀಪಗಳಿವೆ. ಯಾವುದು ಉರಿದು ನಿಲ್ಲುತ್ತದೋ ಅಲ್ಲಿಯೇ ತಡೆಯಿದೆ ಎಂದರ್ಥ.

ಇದಾವುದೂ ಅಲ್ಲದಿದ್ದರೆ ಬಯೋಸ್ ಹಳೆಯದಿರಬಹುದು. ಉದಾಹರಣೆಗೆ, 2022ರಲ್ಲಿ ಬಂದ ಇಂಟೆಲ್‌ನ 13ನೆಯ ತಲೆಮಾರಿನ ಪ್ರೊಸೆಸರು 2021ರ 600 ಸರಣಿಯ ಬೋರ್ಡಿನಲ್ಲಿ ಕೂರುತ್ತದೆ. ಆದರೆ ಅಂಗಡಿಯ ಕಪಾಟಿನಲ್ಲಿ ಮೊದಲಿನಿಂದ ಇದ್ದ ಬೋರ್ಡಿನ ಬಯೋಸ್ ನವೀಕರಿಸದೆ ಅದನ್ನು ಗುರುತಿಸಲಾರದು. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರಿನ ನೆರವಿಲ್ಲದೆಯೇ ಪೆನ್ ಡ್ರೈವಿನಿಂದ ಬಯೋಸ್ ನವೀಕರಿಸುವ ಗುಂಡಿಯಿದೆ. ಇಲ್ಲದಿದ್ದರೆ ಅಂಗಡಿಯವರೇ ಮಾಡಿಕೊಡಬೇಕು. ಬಯೋಸ್ ಸಂಯೋಜನೆಗಳನ್ನು ಅಳಿಸಲು ಪ್ಲಗ್ ಕಿತ್ತು ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕುವುದು ನಿರಪಾಯಕಾರಿ ವಿಧಾನ.

ಹೊರಗಿಟ್ಟು ನೋಡುವ ಪರೀಕ್ಷೆ

ಎಲ್ಲ ದಾರಿ ಮುಚ್ಚಿದಾಗ ಮದರ್‌ಬೋರ್ಡನ್ನು ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಪಟ್ಟಿ ಹಾಗೂ ಎರಡು ವಿದ್ಯುತ್ ತಂತಿಗಳನ್ನು ಮಾತ್ರ ಜೋಡಿಸಿ ಚಾಲನೆಗೊಳಿಸಿ ನೋಡಿರಿ. ಬೋರ್ಡ್ ಬಂದ ಹೊಳೆಯುವ ಸ್ಥಿರವಿದ್ಯುತ್ ನಿರೋಧಕ ಚೀಲದ ಮೇಲೆ ಇಡಬಾರದು. ಅದರ ಮೇಲ್ಮೈ ಅಲ್ಪ ಪ್ರಮಾಣದಲ್ಲಿ ವಿದ್ಯುದ್ವಾಹಕ. ಹೊರಗೆ ನಡೆದು ಒಳಗೆ ನಡೆಯದಿದ್ದರೆ ದೋಷ ಕ್ಯಾಬಿನೆಟ್ಟಿನ ಜೋಡಣೆಯಲ್ಲಿದೆ. ಹೊರಗೆ ನಡೆದರೆ ಒಂದೊಂದೇ ಭಾಗವನ್ನು ಸೇರಿಸುತ್ತಾ ಹೋಗಿ. ಯಾವುದನ್ನು ಸೇರಿಸಿದಾಗ ನಿಲ್ಲುತ್ತದೋ ಅದೇ ಅಪರಾಧಿ. ಹೊರಗೂ ನಡೆಯದಿದ್ದರೆ ಉಳಿದಿರುವುದು ನಾಲ್ಕೇ ಭಾಗ.

ಪ್ರೊಸೆಸರನ್ನು ತೆಗೆಯಬೇಕಾಗಿ ಬಂದರೆ ಸಾಕೆಟ್ಟಿನ ಕೂದಲೆಳೆಯಂಥ ಪಿನ್ನುಗಳನ್ನು ಬೆಳಕಿನಲ್ಲಿ ಓರೆಯಾಗಿ ನೋಡಿರಿ. ಬಾಗಿದ ಪಿನ್ನು ಕಂಡರೆ ಸೂಜಿಯಿಂದ ತಿದ್ದಲು ಹೋಗದೆ ಚಿತ್ರ ತೆಗೆದಿಟ್ಟು ಅಲ್ಲಿಗೇ ನಿಲ್ಲಿಸಿರಿ. ಬಾಗಿದ ಪಿನ್ನಿಗೆ ಕಂಪನಿಗಳು ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ತಿದ್ದಲು ಯತ್ನಿಸಿದ ಗುರುತಿದ್ದರೆ ವಾದಕ್ಕೂ ಅವಕಾಶವಿರದು.

ಅಂಗಡಿಗೆ ಮರಳುವಾಗ

ಬಿಡಿಭಾಗಗಳಿಂದ ಜೋಡಿಸಿದ ಯಂತ್ರಕ್ಕೆ ಒಟ್ಟಾರೆ ವಾರಂಟಿ ಇರುವುದಿಲ್ಲ. ಪ್ರತಿಯೊಂದು ಭಾಗಕ್ಕೂ ಅದರದರ ಕಂಪನಿಯ ವಾರಂಟಿಯೇ ಆಧಾರ. ಆದ್ದರಿಂದ ಕೊಳ್ಳುವಾಗಲೇ ಭಾಗಗಳ ಕ್ರಮಸಂಖ್ಯೆಗಳನ್ನು ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಬೇಕು. ಸ್ವಲ್ಪ ಉಳಿತಾಯಕ್ಕಾಗಿ ಬಿಲ್ ಬೇಡವೆನ್ನುವವರು ವಾರಂಟಿಯನ್ನೂ ಬೇಡವೆಂದಂತೆ. ರಟ್ಟಿನ ಪೆಟ್ಟಿಗೆಗಳನ್ನೂ ಪ್ರೊಸೆಸರ್ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನೂ ಎಸೆಯಬಾರದು.

ಅಂಗಡಿಯಲ್ಲಿ "ಕೆಲಸ ಮಾಡುತ್ತಿಲ್ಲ" ಎನ್ನುವುದಕ್ಕಿಂತ, "ಎಸ್‌ಎಂಪಿಎಸ್ ಒಂಟಿಯಾಗಿ ನಡೆಯುತ್ತದೆ, ಬೋರ್ಡಿನ ದೀಪ ಉರಿಯುತ್ತದೆ, ಎರಡು ಪಿನ್ನು ಮುಟ್ಟಿಸಿದರೂ ಏಳುವುದಿಲ್ಲ" ಎಂದು ಹೇಳಿದರೆ ಮಾತು ಬೇಗ ಮುಗಿಯುತ್ತದೆ. ಅವರ ಬಳಿ ಬದಲಿ ಭಾಗಗಳಿರುತ್ತವೆ. ನಿಮ್ಮೆದುರೇ ಹಾಕಿ ನೋಡಲು ಕೇಳಿಕೊಳ್ಳಿರಿ.

ನ್ಯಾಯವಾದ ವಾರಂಟಿಯನ್ನು ನಿರಾಕರಿಸಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ನೀಡಬಹುದು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಬೆಂಗಳೂರಿನಿಂದಲೋ ದೆಹಲಿಯಿಂದಲೋ ತರಿಸಿದ ಭಾಗಕ್ಕೂ ಇದು ಅನ್ವಯ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ.

ಸಾರಾಂಶ

ಚಲನೆಯೇ ಇಲ್ಲದಿದ್ದರೆ: ಸಾಕೆಟ್ಟು, ಎಸ್‌ಎಂಪಿಎಸ್ ಸ್ವಿಚ್ಚು, 24 ಪಿನ್ನಿನ ಕನೆಕ್ಟರು, ಗುಂಡಿಯ ತಂತಿ.

ಹೊತ್ತಿ ಆರಿದರೆ: ಪ್ರೊಸೆಸರಿನ 8 ಪಿನ್ನಿನ ತಂತಿ, ಬೋರ್ಡಿನ ಅಡಿಯ ಕಂಬ, ಜಾರಿದ ಸ್ಕ್ರೂ, ರ‍್ಯಾಮ್.

ಪರದೆ ಕಪ್ಪಾಗಿದ್ದರೆ: ಮಾನಿಟರಿನ ತಂತಿ, ಹದಿನೈದು ನಿಮಿಷದ ತಾಳ್ಮೆ, ಒಂದೇ ರ‍್ಯಾಮ್, ಬಯೋಸ್.

ಕ್ಯಾಬಿನೆಟ್ ಜುಮ್ಮೆಂದರೆ: ಗಣಕವನ್ನು ಬಿಟ್ಟು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಸುಟ್ಟ ವಾಸನೆ, ಹೊಗೆ ಅಥವಾ ಕಿಡಿ ಕಂಡರೆ: ಯಾವ ಪರೀಕ್ಷೆಯೂ ಬೇಡ. ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು, ಮತ್ತೆ ಜೋಡಿಸಬೇಡಿರಿ.

ಈ ಪುಟವನ್ನು ಮುದ್ರಿಸಿ ಗಣಕದ ಬಿಲ್ಲುಗಳ ಜತೆಯಲ್ಲಿ ಇರಿಸಿಕೊಳ್ಳುವಂತೆ ಓದುಗರಲ್ಲಿ ವಿನಂತಿಸುತ್ತೇವೆ. ಮನೆಯ ಮಕ್ಕಳು ಈ ಕೆಲಸಕ್ಕೆ ಕೈ ಹಾಕಿದಾಗ ಹಿರಿಯರು ಬೈಯುವ ಬದಲು ಪಕ್ಕದಲ್ಲಿ ಕುಳಿತು ಹಾಳೆಯಲ್ಲಿ ಗುರುತು ಹಾಕಿಕೊಡಲಿ. ಎರಡು ಜೊತೆ ಕಣ್ಣುಗಳಿದ್ದಲ್ಲಿ ಸಡಿಲವಾದ ತಂತಿ ಬೇಗ ಸಿಗುತ್ತದೆ.